ಮೈಸೂರಿನ ಮನೆ ಮೆಲ್ಬರ್ನಿಗೆ: ಏನು ಒಯ್ಯಬೇಕು, ಹೇಗೆ ಕಟ್ಟಬೇಕು

ಪ್ರಶ್ನೆ: ನಾವು ಮೈಸೂರಿನವರು. ನಮ್ಮ ಯಜಮಾನರಿಗೆ ಮೆಲ್ಬರ್ನಿನಲ್ಲಿ ಕೆಲಸ ಸಿಕ್ಕಿದೆ, ಕಾಯಂ ವಾಸದ ವೀಸಾ ಬಂದಿದೆ. ಇನ್ನು ಎರಡೂವರೆ ತಿಂಗಳಲ್ಲಿ ಇಬ್ಬರು ಮಕ್ಕಳೊಂದಿಗೆ ಹೊರಡಬೇಕು. ಎರಡು ಬೆಡ್‌ರೂಮಿನ ಮನೆಯ ಸಾಮಾನಿದೆ. ತೇಗದ ದೇವರ ಮಂಟಪ, ತಾತನ ಕಾಲದ ಎರಡು ಬೀಟೆ ಮರದ ಕುರ್ಚಿ, ನನ್ನ ವೀಣೆ, ದಸರಾ ಗೊಂಬೆಗಳು, ಮುನ್ನೂರು ಪುಸ್ತಕ, ಹಿತ್ತಾಳೆ ಪಾತ್ರೆಗಳು, ಇವನ್ನು ಬಿಡಲು ಮನಸ್ಸಿಲ್ಲ. ಫ್ರಿಜ್, ವಾಷಿಂಗ್ ಮಷಿನ್, ಸೋಫಾ ಒಯ್ಯಬೇಕೇ? ಆಸ್ಟ್ರೇಲಿಯಾದಲ್ಲಿ ಎಲ್ಲವನ್ನೂ ಬಿಚ್ಚಿ ಎಸೆಯುತ್ತಾರೆ ಎಂದು ನೆಂಟರು ಹೆದರಿಸುತ್ತಿದ್ದಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಬಿಚ್ಚುತ್ತಾರೆ ಎಂಬುದು ನಿಜ. ಎಲ್ಲವನ್ನೂ ಎಸೆಯುತ್ತಾರೆ ಎಂಬುದು ಸುಳ್ಳು. ಹಡಗಿನಲ್ಲಿ ಬರುವ ಮನೆ ಸಾಮಾನನ್ನು ಅಲ್ಲಿನ ಕೃಷಿ ಇಲಾಖೆಯ ಜೈವಿಕ ಸುರಕ್ಷತೆಯ ಅಧಿಕಾರಿಗಳು ತಪಾಸಣೆ ಮಾಡುತ್ತಾರೆ. ಅವರು ಹುಡುಕುವುದು ಮಣ್ಣು, ಬೀಜ, ಕಾಳು, ಹುಳು, ಮರದ ತೊಗಟೆ, ಒಣಹುಲ್ಲು, ಪ್ರಾಣಿಜನ್ಯ ವಸ್ತು. ಇವು ಸಿಗದಿದ್ದರೆ ಪೆಟ್ಟಿಗೆ ಮುಚ್ಚಿ ಕಳಿಸುತ್ತಾರೆ. ಸಿಕ್ಕರೆ ಮೂರು ದಾರಿ: ನಿಮ್ಮ ಖರ್ಚಿನಲ್ಲಿ ಶುದ್ಧೀಕರಣ, ನಿಮ್ಮ ಖರ್ಚಿನಲ್ಲಿ ವಾಪಸು, ಇಲ್ಲವೇ ನಾಶ. ತಪಾಸಣೆಯ ಸಮಯಕ್ಕೂ ಶುಲ್ಕವಿದೆ. ಆದ್ದರಿಂದ ನೀವು ಕಟ್ಟುವ ಪ್ರತಿ ಪೆಟ್ಟಿಗೆಯನ್ನೂ, ನಿಮ್ಮ ಮನೆಯ ಪರಿಚಯವೇ ಇಲ್ಲದ ಒಬ್ಬರು ನಡುದಾರಿಯಲ್ಲಿ ತೆರೆದು ನೋಡಿ ಮತ್ತೆ ಮುಚ್ಚುತ್ತಾರೆ ಎಂದುಕೊಂಡೇ ಕಟ್ಟಿ. ಒಳಗಿರುವುದು ಶುಚಿಯಾಗಿರಬೇಕು, ಪಟ್ಟಿಯಲ್ಲಿ ಬರೆದದ್ದೇ ಒಳಗಿರಬೇಕು, ತೆಗೆದದ್ದನ್ನು ಮತ್ತೆ ಅದೇ ಜಾಗದಲ್ಲಿ ಇಡುವಂತಿರಬೇಕು. ಬಬಲ್ ರ್ಯಾಪಿನ ಮಾತೆಲ್ಲ ಆಮೇಲಿನದು.

ಮೊದಲು ಲೆಕ್ಕ ಹಾಕೋಣ. ಹಡಗಿನ ಬಾಡಿಗೆ ನಿಂತಿರುವುದು ಜಾಗದ ಮೇಲೆ, ಸಾಮಾನ್ಯವಾಗಿ ತೂಕದ ಮೇಲಲ್ಲ. ಅಳತೆ ಘನ ಮೀಟರು, ವ್ಯವಹಾರದಲ್ಲಿ ಸಿಬಿಎಂ ಎನ್ನುತ್ತಾರೆ. ಉದ್ದ, ಅಗಲ, ಎತ್ತರ ಮೂರನ್ನೂ ಮೀಟರಿನಲ್ಲಿ ಗುಣಿಸಿದರೆ ಸಿಬಿಎಂ ಬರುತ್ತದೆ. 60×45×45 ಸೆಂಟಿಮೀಟರಿನ ರಟ್ಟಿನ ಪೆಟ್ಟಿಗೆ 0.12 ಸಿಬಿಎಂ, ಅಂದರೆ ಎಂಟು ಪೆಟ್ಟಿಗೆಗೆ ಹತ್ತಿರಹತ್ತಿರ ಒಂದು ಸಿಬಿಎಂ. ಗೋಡ್ರೆಜ್ ಮಾದರಿಯ ಕಬ್ಬಿಣದ ಬೀರು ಒಂದೇ ಸುಮಾರು 0.9. ಮೂರು ಜನ ಕೂರುವ ಸೋಫಾ ಎರಡರ ಆಸುಪಾಸು. ನಿಮ್ಮ ಮುನ್ನೂರು ಪುಸ್ತಕ ಮಾತ್ರ 40×30×30ರ ಆರೇಳು ಸಣ್ಣ ಪೆಟ್ಟಿಗೆಯಲ್ಲಿ ಕೂರುತ್ತದೆ, ಹೆಚ್ಚೆಂದರೆ ಕಾಲು ಸಿಬಿಎಂ. ವಿಮಾನದಲ್ಲಿ ಪುಸ್ತಕ ಒಯ್ಯುವುದು ದುಬಾರಿ, ಹಡಗಿನಲ್ಲಿ ಅದಕ್ಕಿಂತ ಅಗ್ಗದ ಸಾಮಾನು ಬೇರೊಂದಿಲ್ಲ. ಹಿತ್ತಾಳೆ ಪಾತ್ರೆ, ಕಬ್ಬಿಣದ ಕಾವಲಿ, ರುಬ್ಬುವ ಕಲ್ಲಿಗೂ ಇದೇ ಮಾತು. ಭಾರ ಹೆಚ್ಚಿದ್ದು ಜಾಗ ಕಡಿಮೆ ಹಿಡಿಯುವುದೆಲ್ಲ ಹಡಗಿಗೆ ಹೇಳಿ ಮಾಡಿಸಿದ್ದು.

20 ಅಡಿ ಕಂಟೈನರಿನ ಒಳಗೆ ಲೆಕ್ಕಕ್ಕೆ ಸುಮಾರು 33 ಸಿಬಿಎಂ ಜಾಗವಿದೆ. ಮನೆ ಸಾಮಾನು ಜೋಡಿಸಿದಾಗ ನಿಜವಾಗಿ ಹಿಡಿಯುವುದು 26ರಿಂದ 28. ಪೀಠೋಪಕರಣವೂ ಸೇರಿದರೆ ಎರಡು ಬೆಡ್‌ರೂಮಿನ ಮನೆ 20ರಿಂದ 25ಕ್ಕೆ ಹೋಗುತ್ತದೆ, ಆಗ ಪೂರ್ತಿ ಕಂಟೈನರೇ ಬೇಕು. ಪೀಠೋಪಕರಣ, ಫ್ರಿಜ್, ಮಂಚ ಬಿಟ್ಟರೆ ನೀವು ಹೇಳಿದ ಸಾಮಾನು ನಾಲ್ಕರಿಂದ ಆರು ಸಿಬಿಎಂನಲ್ಲಿ ಮುಗಿಯುತ್ತದೆ. ಅಷ್ಟಕ್ಕೆ ಬೇರೆಯವರ ಜೊತೆ ಹಂಚಿಕೊಳ್ಳುವ ಕಂಟೈನರು ಸಾಕು. ಅದರಲ್ಲಿ ಒಂದು ತೊಂದರೆಯಿದೆ: ಕಂಟೈನರು ತುಂಬುವವರೆಗೆ ನಿಮ್ಮ ಸಾಮಾನು ಗೋದಾಮಿನಲ್ಲಿ ಕಾಯುತ್ತದೆ. ಎಷ್ಟು ದಿನ ಕಾಯಿಸಬಹುದು, ಕನಿಷ್ಠ ಎಷ್ಟು ಸಿಬಿಎಂಗೆ ಬಿಲ್ ಹಾಕುತ್ತಾರೆ, ಇವೆರಡನ್ನೂ ಬರಹದಲ್ಲಿ ಪಡೆಯಿರಿ.

ಇನ್ನು ನಿಮ್ಮ ನೇರ ಪ್ರಶ್ನೆ. ಸೋಫಾ, ಮಂಚ, ಹಾಸಿಗೆ ಬಿಡಿ. ಫ್ರಿಜ್ ಬಿಡಿ. ಮೆಲ್ಬರ್ನಿನ ಬಾಡಿಗೆ ಮನೆಗಳಲ್ಲಿ ಒಲೆ, ಓವನ್ ಸಾಮಾನ್ಯವಾಗಿ ಇರುತ್ತವೆ. ಫ್ರಿಜ್, ವಾಷಿಂಗ್ ಮಷಿನ್ ಮಾತ್ರ ನಾವೇ ತರಬೇಕಾಗುತ್ತದೆ, ಆದರೆ ಅಲ್ಲಿ ಸೆಕೆಂಡ್ ಹ್ಯಾಂಡ್ ಸುಲಭವಾಗಿ ಸಿಗುತ್ತವೆ. ಗ್ಯಾಸ್ ಒಲೆಯನ್ನಂತೂ ಒಯ್ಯಲೇಬೇಡಿ. ಅಲ್ಲಿನ ಪ್ರಮಾಣಪತ್ರವಿಲ್ಲದ ಒಲೆಗೆ ಗ್ಯಾಸ್ ಸಂಪರ್ಕ ಕೊಡುವುದಿಲ್ಲ. ಮಿಕ್ಸಿ, ವೆಟ್ ಗ್ರೈಂಡರ್, ಇಡ್ಲಿ ಕುಕ್ಕರ್ ಧಾರಾಳವಾಗಿ ಒಯ್ಯಿರಿ. ಆಸ್ಟ್ರೇಲಿಯಾದ ವಿದ್ಯುತ್ತೂ ನಮ್ಮಂತೆಯೇ 230 ವೋಲ್ಟ್, 50 ಹರ್ಟ್ಜ್. ಪ್ಲಗ್ಗಿನ ಆಕಾರ ಮಾತ್ರ ಬೇರೆ. ಅಮೆರಿಕಕ್ಕೆ ಹೋಗುವವರಿಗೆ ಈ ಅನುಕೂಲವಿಲ್ಲ. ಅಲ್ಲಿ 120 ವೋಲ್ಟ್, ನಮ್ಮ ಮಿಕ್ಸಿಗೆ ಭಾರಿ ಟ್ರಾನ್ಸ್‌ಫಾರ್ಮರ್ ಬೇಕಾಗುತ್ತದೆ. ವಾಷಿಂಗ್ ಮಷಿನ್ ಒಯ್ಯಲೇಬೇಕೆಂದಿದ್ದರೆ, ಫ್ರಂಟ್ ಲೋಡ್ ಆಗಿದ್ದಲ್ಲಿ ಕೊಂಡಾಗ ಬಂದ ಟ್ರಾನ್ಸಿಟ್ ಬೋಲ್ಟ್‌ಗಳನ್ನು ಹುಡುಕಿ ಹಾಕಿಸಿ. ಅವಿಲ್ಲದಿದ್ದರೆ ಡ್ರಮ್ಮು ಹೊಯ್ದಾಡಿ ಸಸ್ಪೆನ್ಷನ್ ಹಾಳಾಗುತ್ತದೆ.

ಹೊರಡುವ ಮುಂಚೆ ನಮ್ಮವರು ತಪ್ಪದೆ ಮಾಡುವ ಒಂದು ಕೆಲಸವಿದೆ: ಹೊಸ ಕುಕ್ಕರು, ಹೊಸ ಸ್ಟೀಲ್ ಪಾತ್ರೆ, ಹೊಸ ಮಿಕ್ಸಿ ಕೊಂಡು ಪೆಟ್ಟಿಗೆ ಸಮೇತ ಕಳಿಸುವುದು. ಅಲ್ಲಿನ ನಿಯಮದ ಪ್ರಕಾರ, ನೀವು ಹೊರಡುವ ಮುಂಚೆ ಕನಿಷ್ಠ 12 ತಿಂಗಳು ನಿಮ್ಮ ಒಡೆತನದಲ್ಲಿದ್ದು ನೀವೇ ಬಳಸಿದ ಮನೆ ಸಾಮಾನಿಗೆ ಸುಂಕವೂ ಇಲ್ಲ, ಜಿಎಸ್‌ಟಿಯೂ ಇಲ್ಲ. ಅದಕ್ಕಿಂತ ಹೊಸದಕ್ಕೆ ಎರಡೂ ಬೀಳಬಹುದು: ಸುಂಕ ಸಾಮಾನ್ಯವಾಗಿ ಶೇಕಡಾ 5, ಜಿಎಸ್‌ಟಿ ಶೇಕಡಾ 10. ಹಣಕ್ಕಿಂತ ದೊಡ್ಡ ತೊಂದರೆಯೆಂದರೆ, ನಾಲ್ಕು ಹೊಸ ಪೆಟ್ಟಿಗೆ ಕಂಡರೆ ಉಳಿದ ಸಾಮಾನಿನ ಬಗ್ಗೆಯೂ ಪ್ರಶ್ನೆ ಏಳುತ್ತದೆ. ಹೊಸದು ಬೇಕಿದ್ದರೆ ನಿಮ್ಮ ಜೊತೆಯ ಲಗೇಜಿನಲ್ಲಿ ಒಯ್ಯಿರಿ. ಅದರಲ್ಲಿ ದೊಡ್ಡವರಿಗೆ ತಲಾ 900 ಆಸ್ಟ್ರೇಲಿಯನ್ ಡಾಲರ್, 18 ವರ್ಷದೊಳಗಿನ ಮಕ್ಕಳಿಗೆ ತಲಾ 450 ಡಾಲರ್ ಮೌಲ್ಯದವರೆಗೆ ರಿಯಾಯಿತಿಯಿದೆ.

ಸಮಯದ ವಿಷಯ. ಮೈಸೂರಿನಿಂದ ಸಾಮಾನು ಲಾರಿಯಲ್ಲಿ ಬೆಂಗಳೂರಿಗೆ, ಅಲ್ಲಿಂದ ಬಹುಪಾಲು ಚೆನ್ನೈ ಬಂದರಿಗೆ ಹೋಗುತ್ತದೆ. ಚೆನ್ನೈನಿಂದ ಕೊಲಂಬೊ, ಸಿಂಗಪುರ ಅಥವಾ ಪೋರ್ಟ್ ಕ್ಲಾಂಗ್‌ನಲ್ಲಿ ಹಡಗು ಬದಲಾಯಿಸಿ ಮೆಲ್ಬರ್ನ್ ಸೇರುವುದು ವಾಡಿಕೆ. ಸಮುದ್ರದ ಪಯಣ ನಾಲ್ಕೈದು ವಾರವಾದರೂ ಬಾಗಿಲಿನಿಂದ ಬಾಗಿಲಿಗೆ ಎಂಟರಿಂದ ಹನ್ನೆರಡು ವಾರ ಇಟ್ಟುಕೊಳ್ಳಿ. ಆ ಮೂರು ತಿಂಗಳಿಗೆ ಬೇಕಾದ ಬಟ್ಟೆ, ಒಂದು ಕುಕ್ಕರು, ಎರಡು ಪಾತ್ರೆ, ಮಕ್ಕಳ ಪುಸ್ತಕ ನಿಮ್ಮ ಕೈಯಲ್ಲಿರಲಿ. ನಮ್ಮ ವಿದೇಶಿ ವ್ಯಾಪಾರ ನೀತಿಯ ಪ್ರಕಾರ ಸ್ವಂತ ಬಳಕೆಯ ಸಾಮಾನನ್ನು, ಪ್ರಯಾಣಿಕರು ಭಾರತ ಬಿಡುವ ಒಂದು ವರ್ಷ ಮುಂಚಿನಿಂದ ಬಿಟ್ಟ ಒಂದು ವರ್ಷದ ತನಕ ಯಾವಾಗ ಬೇಕಾದರೂ ಹಡಗಿನಲ್ಲಿ ಕಳಿಸಬಹುದು. ಹಾಗೆಂದು ತೀರ ಮುಂಚೆ ಕಳಿಸಬೇಡಿ. ನೀವು ಅಲ್ಲಿ ಇಳಿಯುವ ಮುಂಚೆ ಸಾಮಾನು ಇಳಿದರೆ ಬಂದರಿನ ದಾಸ್ತಾನು ಬಾಡಿಗೆ ದಿನದ ಲೆಕ್ಕದಲ್ಲಿ ಏರುತ್ತದೆ. ನೀವು ಹೊರಡುವ ಎರಡು ಮೂರು ವಾರ ಮುಂಚೆ ಕಟ್ಟಿಸಿದರೆ ಸರಿಹೋಗುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಶುಚಿಯ ಕೆಲಸ. ಇದಕ್ಕೆ ಪೂರ್ತಿ ಎರಡು ವಾರ ಮೀಸಲಿಡಿ. ಪ್ಯಾಕ್ ಮಾಡುವವರು ಬಂದ ದಿನ ಮಾಡಲು ಆಗುವ ಕೆಲಸವಲ್ಲ ಇದು, ಅವರು ಮಾಡಿಕೊಡುವುದೂ ಇಲ್ಲ.

ಅಡುಗೆಮನೆಯಿಂದ ಶುರು ಮಾಡಿ. ಅಕ್ಕಿ, ಬೇಳೆ, ಕಾಳು, ಸಾಂಬಾರ ಪದಾರ್ಥ ಯಾವುದೂ ಈ ಪೆಟ್ಟಿಗೆಗಳಲ್ಲಿ ಬೇಡ. ಖಾಪ್ರಾ ಎಂಬ ಧಾನ್ಯದ ಹುಳು ಆಸ್ಟ್ರೇಲಿಯಾದಲ್ಲಿ ಇಲ್ಲ, ನಮ್ಮಲ್ಲಿದೆ. ಅದರ ಮರಿಹುಳು ಆಹಾರವಿಲ್ಲದೆ ಸಂದುಗೊಂದಿನಲ್ಲಿ ವರ್ಷಗಟ್ಟಲೆ ಬದುಕಿರಬಲ್ಲದು. ಆ ಭಯದಿಂದಲೇ 2020ರಿಂದ ಅಕ್ಕಿ, ಕಡಲೆ, ಹೆಸರು, ತೊಗರಿ, ಅಲಸಂದೆ, ಕೊತ್ತಂಬರಿ ಬೀಜ, ಜೀರಿಗೆ, ಒಣಮೆಣಸಿನಕಾಯಿ ಮುಂತಾದವನ್ನು ಹಡಗಿನ ಮನೆ ಸಾಮಾನಿನಲ್ಲಿ ಕಳಿಸುವುದನ್ನು ನಿಷೇಧಿಸಿದ್ದಾರೆ. ಇವೆಲ್ಲ ಮೆಲ್ಬರ್ನಿನ ಭಾರತೀಯ ಅಂಗಡಿಗಳಲ್ಲಿ ಸಿಗುತ್ತವೆ. ಕಾಳಿನ ಡಬ್ಬಗಳನ್ನು ಒಯ್ಯುವುದಾದರೆ ಬಿಸಿನೀರು, ಸೋಪಿನಲ್ಲಿ ತೊಳೆದು, ಮುಚ್ಚಳದ ಅಂಚಿನ ಸುತ್ತ ಬ್ರಷ್ ಆಡಿಸಿ, ಒಂದು ದಿನ ಬಿಸಿಲಿಗಿಡಿ. ಮಿಕ್ಸಿಯ ತಳ, ಗ್ರೈಂಡರಿನ ಡ್ರಮ್ಮಿನ ಕೆಳಗಿನ ಸಂದು, ಮಸಾಲೆ ಡಬ್ಬದ ಮೂಲೆ, ಇಲ್ಲೆಲ್ಲ ಹಿಟ್ಟು, ಕಾಳು ಉಳಿದಿರುತ್ತದೆ. ಬಿದಿರಿನ ಮೊರ, ಕಡ್ಡಿ ಪೊರಕೆ, ಜೊಂಡಿನ ಚಾಪೆ ಬಿಟ್ಟುಬಿಡಿ. ಮರದ ಮಣೆ, ಲಟ್ಟಣಿಗೆ, ಕಡಗೋಲು ಹುಳು ಬೀಳದೆ ಒಣಗಿದ್ದರೆ ಒಯ್ಯಬಹುದು.

ದೇವರ ಮನೆಯಲ್ಲಿ ಯಾರೂ ನೆನೆಸದ ವಸ್ತುವೊಂದಿದೆ: ಮಂತ್ರಾಕ್ಷತೆ. ಮದುವೆ, ಗೃಹಪ್ರವೇಶ, ಮಠದ ಪ್ರಸಾದ ಎಂದು ಮಡಿಚಿಟ್ಟ ಪೊಟ್ಟಣಗಳು ಮಂಟಪದ ಡ್ರಾಯರಿನಲ್ಲಿ, ದೇವರ ಪಟದ ಹಿಂದೆ, ಬೆಳ್ಳಿ ಭರಣಿಯೊಳಗೆ, ಪಂಚಾಂಗದ ನಡುವೆ ಇರುತ್ತವೆ. ಭಕ್ತಿಯಿಂದ ಇಟ್ಟದ್ದು ನಿಜ, ಅಧಿಕಾರಿಗೆ ಅದು ಹಸಿ ಅಕ್ಕಿ. ಒಂದೊಂದನ್ನೂ ಹುಡುಕಿ ಹೊರಡುವ ಮುಂಚೆ ಗಿಡದ ಬುಡಕ್ಕೆ ಹಾಕಿ. ಅಡಿಕೆ, ಅರಿಸಿನ ಕೊಂಬು, ದರ್ಭೆ, ಬೆರಣಿ, ಗೋಮೂತ್ರ, ಒಣಗಿದ ಹೂವು, ಕಳಶದ ಕಾಯಿ ಯಾವುದೂ ಉಳಿಯಬಾರದು. ರುದ್ರಾಕ್ಷಿ, ತುಳಸಿ ಮಣಿ ಒಯ್ಯುವುದಾದರೆ ಕೈಚೀಲದಲ್ಲಿಟ್ಟುಕೊಂಡು ಆಗಮನದ ಕಾರ್ಡಿನಲ್ಲಿ ಘೋಷಿಸಿ, ಅಧಿಕಾರಿಗೆ ತೋರಿಸಿ. ಕರ್ಪೂರ ಬೆಂಕಿ ಹಿಡಿಯುವ ವಸ್ತುವೆಂದು ಹಡಗಿನಲ್ಲೂ ನಿಷಿದ್ಧ. ಬೆಂಕಿಪೊಟ್ಟಣ, ಸ್ಪ್ರೇ ಡಬ್ಬಿ, ಸೆಂಟು, ನೇಲ್ ಪಾಲಿಶ್, ಯುಪಿಎಸ್ ಬ್ಯಾಟರಿ, ಪವರ್ ಬ್ಯಾಂಕ್ ಇವೂ ಪೆಟ್ಟಿಗೆಗೆ ಬೇಡ.

ಮನೆಯ ಹೊರಗೆ ಬಳಸುವ ಸಾಮಾನು ಎರಡನೆಯ ಅಪಾಯ. ಮಕ್ಕಳ ಸೈಕಲ್, ಶೂ, ಕ್ರಿಕೆಟ್ ಬ್ಯಾಟ್, ಸ್ಟಂಪು, ಹೂಕುಂಡ, ತೋಟದ ಸಲಿಕೆ. ಸಲಿಕೆ, ಹೂಕುಂಡ ಬಿಡಿ. ಸೈಕಲ್ಲಿನ ಚಕ್ರ ಬಿಚ್ಚಿಸಿ, ಮಡ್‌ಗಾರ್ಡಿನ ಒಳಭಾಗ ತೊಳೆದು, ಟೈರಿನ ಹಲ್ಲುಗಳ ನಡುವಿನ ಮಣ್ಣನ್ನು ಹಳೆಯ ಟೂತ್‌ಬ್ರಷ್‌ನಿಂದ ತೆಗೆಯಿರಿ. ಶೂಗಳ ಅಡಿಯನ್ನೂ ಹಾಗೆಯೇ. ವ್ಯಾಕ್ಯೂಮ್ ಕ್ಲೀನರಿನ ಚೀಲ ಖಾಲಿ ಮಾಡುವುದನ್ನು ಮರೆಯುವವರು ಬಹಳ, ಮನೆಯ ಧೂಳೆಲ್ಲ ಅಲ್ಲೇ ಇರುತ್ತದೆ.

ಮರದ ಸಾಮಾನಿಗೆ ಬರೋಣ. ಮಂಟಪವನ್ನು ಬಿಳಿ ಬಟ್ಟೆಯ ಮೇಲೆ ನಿಲ್ಲಿಸಿ ಒಂದು ವಾರ ಬಿಡಿ. ಬಟ್ಟೆಯ ಮೇಲೆ ನಯವಾದ ಹುಡಿ ಉದುರಿದ್ದರೆ ಒಳಗೆ ಹುಳು ಬದುಕಿದೆ ಎಂದರ್ಥ. ಸೂಜಿ ಮೊನೆಯಿಂದ ಬಾಲ್‌ಪೆನ್ನಿನ ಮೊನೆಯಷ್ಟು ಗಾತ್ರದ ದುಂಡು ರಂಧ್ರಗಳು ಕಂಡರೂ ಅದೇ ಅನುಮಾನ. ಹಳೆಯ ತೂತಿಗೆ ಮೇಣ ತುಂಬಿ ಪಾಲಿಶ್ ಹೊಡೆದರೆ ಮರೆಯಾಗುತ್ತದೆ ಎಂದು ಬಡಗಿಗಳು ಹೇಳಬಹುದು, ಮಾಡಿಸಬೇಡಿ. ಅಧಿಕಾರಿಗಳಿಗೆ ಅದು ಮುಚ್ಚಿಟ್ಟಂತೆ ಕಾಣುತ್ತದೆ. ಹುಳುವಿದ್ದರೆ ಇಲ್ಲಿಯೇ ಧೂಮೀಕರಣ (ವಿಷಾನಿಲ ಹಾಯಿಸಿ ಹುಳು ಕೊಲ್ಲುವುದು) ಮಾಡಿಸಿ, ಆದರೆ ಆಸ್ಟ್ರೇಲಿಯಾ ಮಾನ್ಯ ಮಾಡಿದ ಪಟ್ಟಿಯಲ್ಲಿರುವ ಸಂಸ್ಥೆಯಿಂದ ಮಾತ್ರ. ಬೇರೆಯವರ ಪ್ರಮಾಣಪತ್ರವನ್ನು ಅಲ್ಲಿ ಒಪ್ಪುವುದಿಲ್ಲ, ಎರಡನೆಯ ಸಲ ಹಣ ಕಟ್ಟಬೇಕಾಗುತ್ತದೆ. ಅದಕ್ಕೆ ಬಳಸುವ ಮೀಥೈಲ್ ಬ್ರೋಮೈಡ್ ಅನಿಲ ಪ್ಲಾಸ್ಟಿಕ್ ಹಾಳೆಯನ್ನು ದಾಟಿ ಒಳಹೋಗದು, ಆದ್ದರಿಂದ ಸುತ್ತುವ ಮುಂಚೆಯೇ ಅದು ಆಗಬೇಕು. ಚರ್ಮ, ಉಣ್ಣೆ, ಫೋಮ್ ರಬ್ಬರನ್ನು ಅದರ ಜೊತೆ ಇಟ್ಟರೆ ಕೆಟ್ಟ ವಾಸನೆ ಹಿಡಿದು ಹೋಗುವುದೇ ಇಲ್ಲ.

ಮಂಟಪಕ್ಕೆ ಮರದ ಕ್ರೇಟ್ ಮಾಡಿಸಬೇಕಾಗುತ್ತದೆ. ಕ್ರೇಟಿನ ಮರದ ಮೇಲೆ ಗೋಧಿ ತೆನೆಯ ಚಿತ್ರ ಮತ್ತು ಐಪಿಪಿಸಿ ಎಂಬ ಅಕ್ಷರಗಳಿರುವ ಮುದ್ರೆ ಬಿದ್ದಿದೆಯೇ ನೋಡಿ. ಮರದ ಒಳತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಕಾದಿದೆ, ಇಲ್ಲವೇ ಧೂಮೀಕರಣವಾಗಿದೆ ಎಂದು ಹೇಳುವ ಅಂತರರಾಷ್ಟ್ರೀಯ ಗುರುತು ಅದು. ಮುದ್ರೆಯಿಲ್ಲದ ಹಲಗೆಯಲ್ಲಿ ನಿಮ್ಮ ಶುಚಿಯಾದ ಮಂಟಪ ಹೋದರೂ ಹಲಗೆಯ ತಪ್ಪಿಗೆ ಎಲ್ಲವೂ ನಿಲ್ಲುತ್ತದೆ. ಕ್ರೇಟಿಗೆ ಜಾಗದ ಲೆಕ್ಕವೂ ಉಂಟು. 75×60×120 ಸೆಂಟಿಮೀಟರಿನ ಮಂಟಪ 0.54 ಸಿಬಿಎಂ, ಅದರ ಕ್ರೇಟು 90×75×140 ಆದರೆ 0.95. ಬಾಗಿಲು, ಗೋಪುರ, ಕಳಶ ಬಿಚ್ಚಿ ಬೇರೆ ಸುತ್ತಿಸಿದರೆ ಎಷ್ಟೋ ಉಳಿಯುತ್ತದೆ, ಮುರಿಯುವ ಭಯವೂ ಕಡಿಮೆ. ಬಿಚ್ಚಿದ ಮೊಳೆ, ತಿರುಪುಗಳನ್ನು ಜಿಪ್ ಚೀಲದಲ್ಲಿ ಹಾಕಿ ಅದೇ ಭಾಗಕ್ಕೆ ಕಟ್ಟಿ.

ಬೀಟೆ ಕುರ್ಚಿಗಳ ಬಗ್ಗೆ ಮುಲಾಜಿಲ್ಲದೆ ಹೇಳಬೇಕು: ಅವನ್ನು ಊರಿನಲ್ಲೇ ಬಿಡಿ. ಬೀಟೆ ಸೇರಿದಂತೆ ಆ ಜಾತಿಯ ಬಹುತೇಕ ಮರಗಳು, ಅಪಾಯದಲ್ಲಿರುವ ಗಿಡ ಪ್ರಾಣಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಎರಡನೆಯ ಅನುಬಂಧದಲ್ಲಿವೆ. ತಯಾರಾದ ವಸ್ತುಗಳಿಗೆ ಒಂದು ಸಾಗಣೆಯಲ್ಲಿ 10 ಕಿಲೋ ತನಕ ವಿನಾಯಿತಿಯಿದೆ. ಗೋಡೆಗೆ ಹಾಕುವ ಮೈಸೂರು ಇನ್‌ಲೇ ಚಿತ್ರ ಅದರೊಳಗೆ ಬರುತ್ತದೆ, ಎರಡು ಹಳೆಯ ಕುರ್ಚಿ ಬರುವುದಿಲ್ಲ. ಕಾಗದಪತ್ರ ಮಾಡಿಸಲು ಎರಡೂವರೆ ತಿಂಗಳು ಸಾಲದೆ ಹೋಗಬಹುದು. ತಾತನ ಕಾಲದ್ದು ಎಂಬುದೂ ಇನ್ನೊಂದು ತೊಡಕು. ನೂರು ವರ್ಷ ದಾಟಿದ ಕಲಾವಸ್ತು 1972ರ ಪ್ರಾಚ್ಯವಸ್ತು ಕಾಯ್ದೆಗೆ ಒಳಪಡುತ್ತದೆ, ತಾಳೆಗರಿಯಂಥ ಹಸ್ತಪ್ರತಿಯಾದರೆ 75 ವರ್ಷ ಸಾಕು. ಹಾಗೆ ಕಾಣುವ ಹಳೆಯ ವಿಗ್ರಹ, ದೀಪಗಳಿಗೆ ಪ್ರಾಚ್ಯವಸ್ತು ಅಲ್ಲವೆಂಬ ಪ್ರಮಾಣಪತ್ರವನ್ನು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಮುಂಚೆಯೇ ಪಡೆಯಿರಿ. ನವಿಲುಗರಿ, ಜಿಂಕೆ ಕೊಂಬು, ದಂತದ ಯಾವುದೇ ಚೂರು ಕಳಿಸಲೇಬಾರದು. ಕೃಷ್ಣನ ಪಟದ ಹಿಂದೆ ಸಿಕ್ಕಿಸಿದ ಒಂದು ನವಿಲುಗರಿಯೂ ಇದಕ್ಕೆ ಸೇರಿತು.

ವೀಣೆಯನ್ನು ಹಡಗಿಗೆ ಹಾಕಬೇಡಿ. ಅದರ 24 ಮೆಟ್ಟಿಲುಗಳು ಕೂತಿರುವುದು ಜೇನುಮೇಣಕ್ಕೆ ಇದ್ದಿಲ ಪುಡಿ ಬೆರೆಸಿದ ಮೇಣದ ಮೇಲೆ. ಬಿಸಿಲಿನಲ್ಲಿ ನಿಂತ ಕಂಟೈನರಿನೊಳಗೆ ಸೂರಿನ ಬಳಿ ಕಾವು 50 ಡಿಗ್ರಿ ದಾಟುತ್ತದೆ. ಜೇನುಮೇಣ ಕರಗುವುದು 62 ಡಿಗ್ರಿಯ ಆಸುಪಾಸಿನಲ್ಲಾದರೂ ಅದಕ್ಕಿಂತ ಎಷ್ಟೋ ಮುಂಚೆಯೇ ಮೆತ್ತಗಾಗಿ ಮೆಟ್ಟಿಲುಗಳು ಜರುಗುತ್ತವೆ. ಮೇಳ ಕಟ್ಟಿಕೊಡುವವರು, ಅಂದರೆ ಮೆಟ್ಟಿಲುಗಳನ್ನು ಮತ್ತೆ ಸ್ವರಕ್ಕೆ ಸರಿಯಾಗಿ ಕೂರಿಸುವವರು, ಮೆಲ್ಬರ್ನಿನಲ್ಲಿ ಬೀದಿಗೊಬ್ಬರಿಲ್ಲ. ವಿಮಾನದಲ್ಲಿ ನಿಮ್ಮ ಜೊತೆಯೇ ಒಯ್ಯಿರಿ, ಅಥವಾ ಏರ್ ಕಾರ್ಗೋದಲ್ಲಿ ಕಳಿಸಿ. ಗಟ್ಟಿ ಫೈಬರ್ ಕೇಸು ಕೊಳ್ಳಿ. ಸೋರೆ ಬುರುಡೆಯನ್ನು ಬಿಚ್ಚಿ, ಒಳಗೆ ಕಾಗದದ ಉಂಡೆ ತುಂಬಿ ಬೇರೆ ಸುತ್ತಿ. ಒಳಗೆ ಬೀಜ, ಧೂಳು ಇರದಂತೆ ಒರೆಸಿ, ಘೋಷಣೆಯಲ್ಲಿ ಒಣ ಸೋರೆಕಾಯಿ ಎಂದು ಬರೆಯಿರಿ. ತಂತಿಗಳನ್ನು ಪೂರ್ತಿ ಬಿಚ್ಚದೆ ಎರಡು ಮೂರು ಸ್ವರ ಇಳಿಸಿ, ತಂತಿಗಳನ್ನು ಹೊರುವ ಕುದುರೆಯ ಕೆಳಗೆ ಮೆತ್ತನೆ ಬಟ್ಟೆ ಇಡಿ. ಏರ್ ಕಾರ್ಗೋದಲ್ಲಿ ಗಾತ್ರವನ್ನೇ ತೂಕವಾಗಿ ಲೆಕ್ಕ ಹಾಕುತ್ತಾರೆ. ಸೆಂಟಿಮೀಟರಿನ ಗುಣಲಬ್ಧವನ್ನು 6000ದಿಂದ ಭಾಗಿಸಬೇಕು. 140×45×45ರ ಕೇಸಿಗೆ ತಕ್ಕಡಿ ಎಷ್ಟೇ ಕಡಿಮೆ ತೋರಿಸಲಿ, 47 ಕಿಲೋಗೆ ಬಿಲ್ ಬರುತ್ತದೆ. ವೀಣೆ ಬೀಟೆ ಮರದ್ದಾದರೂ ತಯಾರಾದ ಸಂಗೀತ ವಾದ್ಯಗಳಿಗೆ ಸೈಟಿಸ್ ವಿನಾಯಿತಿ ಕೊಟ್ಟಿದೆ. ಆದರೆ ಹಳೆಯ ವೀಣೆಗಳಲ್ಲಿ ದಂತ ಅಥವಾ ಜಿಂಕೆ ಕೊಂಬಿನ ಕೆತ್ತನೆ ಇರುವುದುಂಟು. ಬಿಳಿ ಅಲಂಕಾರ ಯಾವುದರದ್ದೆಂದು ವೀಣೆ ಮಾಡುವವರಿಂದ ಖಚಿತ ಮಾಡಿಕೊಳ್ಳಿ.

ಗೊಂಬೆಗಳಲ್ಲಿ ನಾಲ್ಕು ಬಗೆ ಮಾಡಿ. ಪಟ್ಟದ ಗೊಂಬೆ ರಕ್ತಚಂದನದ್ದಾಗಿದ್ದರೆ ತವರಿನಲ್ಲಿಡಿ, ಆ ಮರದ ರಫ್ತಿಗೆ ನಮ್ಮಲ್ಲೇ ಬಿಗಿಯಾದ ನಿರ್ಬಂಧವಿದೆ. ಸುಟ್ಟ ಮಣ್ಣಿನ ಗೊಂಬೆ ತೊಂದರೆಯಿಲ್ಲ, ಸುಡದೆ ಬಣ್ಣ ಬಳಿದದ್ದು ಮಾತ್ರ ಅವರ ಕಣ್ಣಿಗೆ ಮಣ್ಣೇ. ತಳದ ತೂತಿನಲ್ಲಿ ಟಾರ್ಚ್ ಬಿಟ್ಟು ನೋಡಿ, ಒಳಗೆ ಹೊಟ್ಟು, ಹುಲ್ಲು ತುಂಬಿದ್ದರೆ ಬಿಡಿ. ಚನ್ನಪಟ್ಟಣದ ಗೊಂಬೆಗಳ ಅರಗು ಕಾವಿಗೆ ಅಂಟಂಟಾಗುತ್ತದೆ, ಒಂದೊಂದನ್ನೂ ಬೆಣ್ಣೆ ಕಾಗದದಲ್ಲಿ ಸುತ್ತಿ, ಒಂದಕ್ಕೊಂದು ತಾಗದಂತಿಡಿ.

ಪ್ಯಾಕಿಂಗ್ ಕಂಪನಿಯವರೇ ಮಾಡಲಿ, ಆದರೆ ಹೇಗೆ ಮಾಡುತ್ತಿದ್ದಾರೆಂದು ನಿಮಗೆ ತಿಳಿದಿರಲಿ. ಪೆಟ್ಟಿಗೆ ಹೊಸದಾಗಿರಬೇಕು, ಐದು ಪದರದ್ದು, ಗಾಜು ಪಿಂಗಾಣಿಗೆ ಏಳು ಪದರದ್ದು. ಹಣ್ಣು, ತರಕಾರಿ, ಮೊಟ್ಟೆ ಬಂದ ಹಳೆಯ ಪೆಟ್ಟಿಗೆಗಳನ್ನು ಆಸ್ಟ್ರೇಲಿಯಾ ಒಪ್ಪುವುದಿಲ್ಲ, ಗೋಣಿಚೀಲ, ಒಣಹುಲ್ಲನ್ನೂ ಒಪ್ಪುವುದಿಲ್ಲ. ತಳದ ಸೀಳಿನ ಉದ್ದಕ್ಕೂ ಎರಡು ಅಡ್ಡ ಅಂಚಿಗೂ ಟೇಪು ಬೀಳಬೇಕು. ನಡುವೆ ಒಂದೇ ಪಟ್ಟಿ ಅಂಟಿಸಿದರೆ ಭಾರಕ್ಕೆ ತಳ ಬಾಯಿಬಿಡುತ್ತದೆ. ಪುಸ್ತಕದ ಪೆಟ್ಟಿಗೆ 18ರಿಂದ 20 ಕಿಲೋ ಮೀರದಿರಲಿ. ತಟ್ಟೆಗಳನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಬೇಕು. ಮಲಗಿದ ತಟ್ಟೆಯ ಮೇಲೆ ಇಡೀ ಅಟ್ಟಿಯ ಭಾರ ಬೀಳುತ್ತದೆ, ನಿಂತ ತಟ್ಟೆ ತನ್ನ ಭಾರವನ್ನಷ್ಟೇ ಹೊರುತ್ತದೆ. ಕಟ್ಟಿದ ಪೆಟ್ಟಿಗೆಯನ್ನು ಮೆಲ್ಲಗೆ ಅಲುಗಾಡಿಸಿ. ಸದ್ದು ಬಂದರೆ ಖಾಲಿ ಜಾಗವಿದೆ, ಖಾಲಿ ಜಾಗವಿದ್ದರೆ ಮೇಲಿನ ಪೆಟ್ಟಿಗೆಯ ಭಾರಕ್ಕೆ ಅದು ಕುಸಿಯುತ್ತದೆ.

ಪಾಲಿಶ್ ಮಾಡಿದ ಮರಕ್ಕೆ ನೇರವಾಗಿ ಬಬಲ್ ರ್ಯಾಪ್ ಸುತ್ತಬಾರದು. ಕಾವು, ತೇವಕ್ಕೆ ಗುಳ್ಳೆಗಳ ದುಂಡು ಗುರುತು ಪಾಲಿಶ್ ಮೇಲೆ ಅಚ್ಚೊತ್ತುತ್ತದೆ. ಮೊದಲು ಕಾಗದ ಅಥವಾ ಮೆತ್ತನೆ ಬಟ್ಟೆ, ಆಮೇಲೆ ಬಬಲ್. ಬೆಳ್ಳಿ, ಹಿತ್ತಾಳೆಗೆ ಮುದ್ರಿತ ವೃತ್ತಪತ್ರಿಕೆ ಬೇಡ, ರಬ್ಬರ್ ಬ್ಯಾಂಡ್ ಬೇಡ. ರಬ್ಬರಿನಲ್ಲಿರುವ ಗಂಧಕಕ್ಕೆ ಬೆಳ್ಳಿ ಕಪ್ಪಾಗುತ್ತದೆ. ರೇಷ್ಮೆ ಸೀರೆಗಳನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯದೆ ತೊಳೆದ ಹತ್ತಿ ಪಂಚೆಯಲ್ಲಿ ಸುತ್ತಿ, ಸಾಧ್ಯವಾದಷ್ಟನ್ನೂ ನಿಮ್ಮ ಜೊತೆಗೇ ಒಯ್ಯಿರಿ. ಚಿನ್ನ ಹಡಗಿಗೆ ಬೇಡವೇ ಬೇಡ. ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಒಡವೆಗಳಿಗೆ ರಫ್ತು ಪ್ರಮಾಣಪತ್ರ ಮಾಡಿಸಿಕೊಂಡರೆ, ಮುಂದೆ ರಜೆಗೆ ಬಂದಾಗ ಅವೇ ಒಡವೆಗೆ ಸುಂಕದ ಪ್ರಶ್ನೆ ಏಳುವುದಿಲ್ಲ.

ತೇವದ ಬಗ್ಗೆ ಎರಡು ಮಾತು. ಚೆನ್ನೈನ ಬಿಸಿ ತೇವದ ಗಾಳಿ ಕಂಟೈನರಿನೊಳಗೆ ಸೇರಿರುತ್ತದೆ. ಹಡಗು ತಂಪಿನ ಕಡೆಗೆ ಸಾಗಿದಂತೆ ಸೂರಿನ ತಗಡು ತಣ್ಣಗಾಗಿ, ಒಳಗಿನ ಆವಿ ಹನಿಗಟ್ಟಿ ತೊಟ್ಟಿಕ್ಕುತ್ತದೆ. ಸೋರಿಕೆಯೇ ಇಲ್ಲದೆ ಪೆಟ್ಟಿಗೆ ಒದ್ದೆಯಾಗಿ ಬೂಸಲು ಹಿಡಿಯುವುದು ಹೀಗೆ. ಪೂರ್ತಿ ಕಂಟೈನರಾದರೆ ಕ್ಯಾಲ್ಸಿಯಂ ಕ್ಲೋರೈಡ್ ತುಂಬಿದ, ತೇವ ಹೀರುವ ಚೀಲಗಳನ್ನು ಗೋಡೆಗೆ ನೇತುಹಾಕಿಸಿ. ಹಂಚಿಕೆಯ ಕಂಟೈನರಾದರೆ ಪ್ರತಿ ಪೆಟ್ಟಿಗೆಗೂ ಸಿಲಿಕಾ ಜೆಲ್ ಪೊಟ್ಟಣ ಹಾಕಿಸಿ. ಮಳೆಗಾಲದಲ್ಲಿ ಕಟ್ಟಿಸುವುದಾದರೆ ರಟ್ಟಿನ ಪೆಟ್ಟಿಗೆಗಳನ್ನು ಮುಂಚೆ ತರಿಸಿ ಬೆಚ್ಚನೆಯ ಕೋಣೆಯಲ್ಲಿಡಿ. ಬಟ್ಟೆ, ಕಂಬಳಿ ಚೂರೂ ಹಸಿಯಿರಬಾರದು.

ಪಟ್ಟಿಯನ್ನು ಕಂಪನಿಯವರ ಕೈಗೇ ಬಿಡಬೇಡಿ. ಪ್ರತಿ ಪೆಟ್ಟಿಗೆಗೆ ಸಂಖ್ಯೆ, ಯಾವ ಕೋಣೆಯದು, ಒಳಗೇನಿದೆ, ಎಷ್ಟಿದೆ, ಅಂದಾಜು ಮೌಲ್ಯ, ಇಷ್ಟನ್ನು ಇಂಗ್ಲಿಷಿನಲ್ಲಿ ಬರೆಯಿರಿ. ಇತರೆ ಸಾಮಾನು ಎಂದು ಬರೆದ ಪೆಟ್ಟಿಗೆಯೇ ಮೊದಲು ಬಿಚ್ಚಿಸಿಕೊಳ್ಳುತ್ತದೆ. ಮರದ ಸಾಮಾನು, ಸೈಕಲ್, ಶೂ, ಗೊಂಬೆ, ಪೂಜಾ ಸಾಮಗ್ರಿ ಇರುವ ಪೆಟ್ಟಿಗೆಗಳನ್ನೆಲ್ಲ ಒಟ್ಟಿಗೆ, ಕಂಟೈನರಿನ ಬಾಗಿಲಿನ ಕಡೆ ಇರಿಸಲು ಹೇಳಿ. ಅಧಿಕಾರಿ ಅವನ್ನೇ ನೋಡಬಯಸುತ್ತಾರೆ. ಹಿಂದಿನ ಸಾಲಿನಲ್ಲಿದ್ದರೆ ಎಲ್ಲವನ್ನೂ ಇಳಿಸಬೇಕು, ಆ ಹೊತ್ತಿಗೂ ನೀವೇ ಹಣ ಕೊಡಬೇಕು. ಅಲ್ಲಿ ತುಂಬಬೇಕಾದದ್ದು ಬಿ534 ಎಂಬ ನಮೂನೆ. ಜೊತೆಗೆ ಪಾಸ್‌ಪೋರ್ಟಿನ ಪ್ರತಿ, ಪಟ್ಟಿ, ಸರಕು ಪಡೆದದ್ದಕ್ಕೆ ಹಡಗಿನವರು ಕೊಡುವ ಬಿಲ್ ಆಫ್ ಲೇಡಿಂಗ್ ಎಂಬ ಪತ್ರ ಬೇಕು. ಆ ಪತ್ರದಲ್ಲಿ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ, ಇನಿಷಿಯಲ್ ಬಿಡಿಸಿದ ರೀತಿಯೂ ಹಾಗೆಯೇ ಇರಲಿ. ನಮೂನೆಯ ಪ್ರಶ್ನೆಗಳಿಗೆ ಇದ್ದದ್ದನ್ನು ಇದ್ದಂತೆ ಬರೆಯಿರಿ. ಘೋಷಿಸಿದ ಮರದ ಮಣೆಯಿಂದ ಯಾರಿಗೂ ದಂಡ ಬೀಳುವುದಿಲ್ಲ.

ವಿಮೆ ಮಾಡಿಸುವಾಗ ಮೂರು ವಿಷಯ ನೋಡಿ. ನೀವೇ ಕಟ್ಟಿದ ಪೆಟ್ಟಿಗೆಯೊಳಗೆ ಏನು ಒಡೆದರೂ ಸಾಮಾನ್ಯವಾಗಿ ಪರಿಹಾರವಿಲ್ಲ, ಆದ್ದರಿಂದ ಗಾಜು, ಟಿವಿ, ಗೊಂಬೆಗಳನ್ನು ಅವರಿಂದಲೇ ಕಟ್ಟಿಸಿ. ಮೌಲ್ಯವನ್ನು ಮೈಸೂರಿನ ಬೆಲೆಯಲ್ಲಿ ಬರೆಯದೆ ಅದೇ ವಸ್ತುವನ್ನು ಮೆಲ್ಬರ್ನಿನಲ್ಲಿ ಕೊಳ್ಳುವ ಬೆಲೆಯಲ್ಲಿ ಬರೆಯಿರಿ. ಬೂಸಲು, ವಿದ್ಯುತ್ ಉಪಕರಣದ ಒಳದೋಷ ಸೇರಿವೆಯೇ ಎಂದು ಕೇಳಿ, ಅನೇಕ ಪಾಲಿಸಿಗಳಲ್ಲಿ ಸೇರಿರುವುದಿಲ್ಲ. ವಿಮೆಯೇ ಬೇಡ ಎನ್ನುವವರಿಗೆ ಗೊತ್ತಿರದ ಒಂದು ಹಳೆಯ ನೌಕಾ ನಿಯಮವಿದೆ, ಜನರಲ್ ಅವರೇಜ್. ಹಡಗನ್ನು ಉಳಿಸಲು ಯಾರದೋ ಸರಕನ್ನು ಸಮುದ್ರಕ್ಕೆ ಎಸೆದರೆ ಆ ನಷ್ಟವನ್ನು ಹಡಗಿನಲ್ಲಿ ಸರಕು ಇಟ್ಟ ಎಲ್ಲರೂ ಹಂಚಿಕೊಳ್ಳಬೇಕು. ನಿಮ್ಮ ಸಾಮಾನಿಗೆ ಏನೂ ಆಗದಿದ್ದರೂ ನಿಮ್ಮ ಪಾಲು ಕಟ್ಟುವವರೆಗೆ ಬಿಡಿಸಿಕೊಳ್ಳಲು ಆಗದು. ಒಳ್ಳೆಯ ಸಾಗರ ವಿಮೆ ಇದನ್ನು ಭರಿಸುತ್ತದೆ.

ಕಂಪನಿ ಆರಿಸುವಾಗ ಫೋನಿನಲ್ಲೇ ದರ ಹೇಳುವವರನ್ನು ಬಿಡಿ. ಮನೆಗೆ ಬಂದು, ಇಲ್ಲವೇ ವೀಡಿಯೊದಲ್ಲಿ ಪ್ರತಿ ಕಪಾಟನ್ನೂ ನೋಡಿ ಸಿಬಿಎಂ ಬರೆದುಕೊಟ್ಟ ಮೂವರ ದರಪಟ್ಟಿಗಳನ್ನು ಹೋಲಿಸಿ. ಒಬ್ಬರ ದರ ತೀರ ಕಡಿಮೆಯಿದ್ದರೆ ಮೆಲ್ಬರ್ನ್ ಬಂದರಿನ ನಿರ್ವಹಣಾ ಶುಲ್ಕ, ಕಸ್ಟಮ್ಸ್ ಕ್ಲಿಯರೆನ್ಸ್, ತಪಾಸಣೆ, ಮನೆಗೆ ತಲುಪಿಸುವ ಖರ್ಚು ಇವುಗಳಲ್ಲಿ ಯಾವುದೋ ಒಂದು ಸೇರಿಲ್ಲ ಎಂದೇ ತಿಳಿಯಿರಿ. ಸಾಮಾನು ಅಲ್ಲಿ ಇಳಿದ ಮೇಲೆ ಕೇಳಿದಷ್ಟು ಕೊಡದೆ ದಾರಿಯಿರುವುದಿಲ್ಲ. ತಪಾಸಣಾ ಶುಲ್ಕ ಮುಂಚೆ ಇಷ್ಟೇ ಎಂದು ಹೇಳಲಾಗದು, ಅದು ಪ್ರಾಮಾಣಿಕ ಉತ್ತರವೇ. ಉಳಿದವೆಲ್ಲ ಅಂಕಿಯಲ್ಲಿ ಬರಬೇಕು. ಮನೆ ಸಾಮಾನು ಸಾಗಿಸುವ ಕಂಪನಿಗಳ ಫಿಡಿ ಎಂಬ ಅಂತರರಾಷ್ಟ್ರೀಯ ಒಕ್ಕೂಟದ ಸದಸ್ಯತ್ವವಿದೆಯೇ, ಮೆಲ್ಬರ್ನಿನಲ್ಲಿ ಅವರ ಪರವಾಗಿ ಕೆಲಸ ಮಾಡುವವರು ಯಾರು, ಅವರ ವಿಳಾಸವೇನು ಎಂದು ಕೇಳಿ. ಪೂರ್ತಿ ಹಣವನ್ನು ಪ್ಯಾಕಿಂಗಿಗೆ ಮುಂಚೆಯೇ ಕೊಡಬೇಡಿ.

ಪದವಿ ಪತ್ರ, ಮಕ್ಕಳ ಟಿಸಿ ಮತ್ತು ಲಸಿಕೆಯ ದಾಖಲೆ, ಡ್ರೈವಿಂಗ್ ಲೈಸೆನ್ಸ್, ವೈದ್ಯರ ಚೀಟಿಯೊಂದಿಗೆ ಮೂರು ತಿಂಗಳ ಔಷಧಿ, ಪೆಟ್ಟಿಗೆಗಳ ಪಟ್ಟಿಯ ಒಂದು ಪ್ರತಿ, ಇವೆಲ್ಲ ಕೈಚೀಲದಲ್ಲಿರಲಿ. ಮನೆ ಖಾಲಿ ಮಾಡುವ ದಿನ ಇವನ್ನೆಲ್ಲ ಮುಂಚೆಯೇ ಬೇರೆ ಮನೆಗೆ ಸಾಗಿಸಿ, ಇಲ್ಲವೇ ಬಚ್ಚಲಲ್ಲಿಟ್ಟು ಬೀಗ ಹಾಕಿ. ಪ್ಯಾಕ್ ಮಾಡುವವರು ಕಣ್ಣಿಗೆ ಬಿದ್ದದ್ದನ್ನೆಲ್ಲ ಕಟ್ಟುತ್ತಾರೆ, ಪಾಸ್‌ಪೋರ್ಟಿರುವ ಚೀಲವನ್ನೂ.

ಮೆಲ್ಬರ್ನಿನಲ್ಲಿ ಸಾಮಾನು ಬಂದ ದಿನ ಪಟ್ಟಿ ಹಿಡಿದು ಬಾಗಿಲಲ್ಲಿ ನಿಂತು ಸಂಖ್ಯೆ ಗುರುತು ಹಾಕಿ. ಜಜ್ಜಿದ, ಒದ್ದೆಯಾದ, ಟೇಪು ಬದಲಾದ ಪೆಟ್ಟಿಗೆಗಳನ್ನು ಅವರ ಎದುರೇ ತೆರೆಯಿರಿ. ಅಧಿಕಾರಿಗಳು ತೆರೆದ ಪೆಟ್ಟಿಗೆಯ ಮೇಲೆ ಇಲಾಖೆಯ ಟೇಪು ಇರುತ್ತದೆ, ಅದನ್ನು ಕಂಡು ಗಾಬರಿಯಾಗಬೇಡಿ. ಒಡೆದದ್ದರ ಫೋಟೊ ತೆಗೆದು, ಸಹಿ ಮಾಡುವ ಮುಂಚೆ ಅವರ ಕಾಗದದ ಮೇಲೆಯೇ ಏನಾಗಿದೆ ಎಂದು ಬರೆಯಿರಿ. ಚೆನ್ನಾಗಿ ತಲುಪಿತು ಎಂದು ಸಹಿ ಮಾಡಿಕೊಟ್ಟ ಮೇಲೆ ವಿಮೆಯವರಿಂದ ಹಣ ಪಡೆಯುವುದು ಬಹಳ ಕಷ್ಟ.